ಶನಿವಾರ ಬಿದ್ದ ಕೋಟೆ, ಶುಕ್ರವಾರದ ಓಲೆ

ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಬಿರುದುಗಳ ಉದ್ದನೆಯ ಸಾಲಿನಲ್ಲಿ ಎರಡು ನಮ್ಮ ಸೀಮೆಯ ಮಣ್ಣಿನಿಂದ ಹೋದವು. ಒಂದು ‘ಗಿರಿದುರ್ಗಮಲ್ಲ’, ಇನ್ನೊಂದು ‘ಶನಿವಾರಸಿದ್ಧಿ’. ಈ ಎರಡನ್ನೂ ಇತಿಹಾಸಕಾರರು ಉಚ್ಚಂಗಿದುರ್ಗದ ಗೆಲುವಿಗೆ ಜೋಡಿಸುತ್ತಾರೆ. 1177ರ ಸುಮಾರಿನಲ್ಲಿ ಬಲ್ಲಾಳ ಉಚ್ಚಂಗಿಯ ಪಾಂಡ್ಯರಿಂದ ಈ ಬೆಟ್ಟದ ಕೋಟೆಯನ್ನು ಕಿತ್ತುಕೊಂಡ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ್ದ ಕೋಟೆಯನ್ನು ತಮ್ಮ ದೊರೆ ಲೀಲಾಜಾಲವಾಗಿ ಗೆದ್ದನೆಂದು ಹೊಯ್ಸಳ ಶಾಸನ ಕೊಚ್ಚಿಕೊಳ್ಳುತ್ತದೆ. ಶರಣಾದ ಪಾಂಡ್ಯ ಕಾಮದೇವನಿಗೆ ರಾಜ್ಯವನ್ನು ಮರಳಿ ಕೊಟ್ಟನೆಂದೂ ಹೇಳುತ್ತದೆ. ಅದಕ್ಕೂ ಎರಡು ಶತಮಾನ ಹಿಂದೆ ಗಂಗರ ಮಾರಸಿಂಹ ಇದೇ ಉಚ್ಚಂಗಿಯನ್ನು ಗೆದ್ದಿದ್ದ. ನೊಳಂಬರನ್ನು ಮುರಿದು ‘ನೊಳಂಬಕುಲಾಂತಕ’ ಎನಿಸಿಕೊಂಡಿದ್ದ. ವಿಷ್ಣುವರ್ಧನನ ಬಿರುದಿನ ಸಾಲಿನಲ್ಲೂ ಉಚ್ಚಂಗಿ ಇದೆ. ಅಂದರೆ ಇದು ಮತ್ತೆ ಮತ್ತೆ ಬಿದ್ದ ಕೋಟೆ.

ಕೋಟೆ ಬಿದ್ದ ಕಥೆಯನ್ನು ಗೆದ್ದವರು ಕಲ್ಲಿನ ಮೇಲೆ ಕೆತ್ತಿಸಿದರು. ನನ್ನನ್ನು ಕಾಡುವುದು ಕೆತ್ತದೆ ಉಳಿದ ಒಂದು ಸಂಗತಿ. ಮುತ್ತಿಗೆಯ ಕಾಲದಲ್ಲಿ ಬೆಟ್ಟದ ಮೇಲಿನವರು ಹೊರಗಿನ ನೆಂಟರಿಗೆ, ಸಾಮಂತರಿಗೆ ಓಲೆ ಕಳಿಸಿರಲೇಬೇಕು. ಆ ಓಲೆಗಳಲ್ಲಿ ಕೆಲವು ಶತ್ರುವಿನ ಕೈಗೂ ಸಿಕ್ಕಿರಬಹುದು. ಗೂಢಲಿಪಿಯಲ್ಲಿದ್ದರೆ ಅವನಿಗೆ ಅರ್ಥವಾಗಿರಲಿಕ್ಕಿಲ್ಲ. ಆದರೆ ಶನಿವಾರ ಕೋಟೆಯೇ ಕೈವಶವಾದಾಗ, ಒಳಗಿನ ಪೆಟ್ಟಿಗೆಯಲ್ಲಿ ಆ ಲಿಪಿಯ ಗುಟ್ಟೂ ಸಿಕ್ಕರೆ? ಶುಕ್ರವಾರದವರೆಗಿನ ಎಲ್ಲ ಓಲೆಗಳೂ ಒಮ್ಮೆಗೇ ಬಾಯಿ ಬಿಡುತ್ತವೆ. ಯಾರು ಯಾರಿಗೆ ಸಹಾಯ ಮಾಡಿದರು, ಯಾರು ಒಳಗೊಳಗೇ ಯಾರ ಪಕ್ಷ, ಎಲ್ಲವೂ ಬಯಲು. ಸೋತ ದೊರೆಗೆ ರಾಜ್ಯ ಮರಳಿ ಸಿಗಬಹುದು, ಓಲೆ ಬರೆದ ಬಡ ಓಲೆಕಾರನಿಗೆ ತಲೆ ಮರಳಿ ಸಿಗುವುದಿಲ್ಲ.

ಇದು ನನ್ನ ಊಹೆ, ಶಾಸನದ ಮಾತಲ್ಲ. ಆದರೆ ಈ ಊಹೆಯೊಳಗಿನ ತೊಡಕು ನಿಜವಾದದ್ದು. ಅದನ್ನು ಬಿಡಿಸಲು ಮನುಷ್ಯರಿಗೆ ಬಹಳ ಶತಮಾನ ಹಿಡಿಯಿತು. ಇವತ್ತು ನಾವು ಮೊಬೈಲಿನಲ್ಲಿ ಒಂದು ಸಂದೇಶ ಕಳಿಸಿದಾಗ, ಬ್ಯಾಂಕಿನ ಪುಟ ತೆರೆದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಆ ತೊಡಕನ್ನು ಬಿಡಿಸುವ ಒಂದು ವಿಧಿ ನಡೆದುಹೋಗುತ್ತದೆ. ಅದರ ಹೆಸರು ದೃಢೀಕೃತ ಕೀಲಿಕೈ ವಿನಿಮಯ. ಹೆಸರು ಭಾರವಾಗಿದೆ. ಅದರ ಇತಿಹಾಸ ಮಾತ್ರ ನಮ್ಮ ಉಂಗುರ, ಮುದ್ರೆ, ತಾಮ್ರಪಟಗಳಿಗೆ ತೀರಾ ಹತ್ತಿರದ್ದು.

ಮೊದಲು ನಮ್ಮ ನುಡಿಯ ಒಂದು ಸೊಗಸು. ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ದಕ್ಷಿಣದವರಿಗೆ ಬೀಗ ಮತ್ತು ಬೀಗದ ಕೈ. ಎರಡು ಕಡೆಯೂ ತೆಗೆಯುವ ಸಲಕರಣೆಗೆ ಕನ್ನಡಿಗರು ‘ಕೈ’ ಎಂದೇ ಹೆಸರಿಟ್ಟಿದ್ದಾರೆ. ಗುಟ್ಟಿನ ಮಾತುಕತೆಯ ಇಡೀ ಶಾಸ್ತ್ರ ಈ ಪದದಲ್ಲಿದೆ. ಬೀಗ ಗಟ್ಟಿಯಾಗಿದೆಯೇ ಎಂಬುದು ಒಂದು ಪ್ರಶ್ನೆ, ತೆಗೆಯುತ್ತಿರುವುದು ಯಾರ ಕೈ ಎಂಬುದು ಇನ್ನೊಂದು. ಹಿಂದಿನವರಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದಾಗಿತ್ತು.

ತಾಮ್ರಪಟಗಳನ್ನೇ ನೋಡಿ. ಹಲಗೆಗಳಿಗೆ ತೂತು ಕೊರೆದು ಉಂಗುರ ಪೋಣಿಸಿ, ಉಂಗುರದ ಎರಡು ತುದಿಗಳನ್ನು ಅರಸನ ಮುದ್ರೆಯ ಅಡಿಯಲ್ಲಿ ಬೆಸೆಯುತ್ತಿದ್ದರು. ಗಂಗರ ಮುದ್ರೆಯಲ್ಲಿ ಆನೆ, ಚಾಲುಕ್ಯರದರಲ್ಲಿ ವರಾಹ. ನಡುವೆ ಒಂದು ಹಲಗೆ ಸೇರಿಸಬೇಕಾದರೆ ಉಂಗುರ ಕತ್ತರಿಸಲೇಬೇಕು, ಕತ್ತರಿಸಿದರೆ ಗುರುತು ಉಳಿಯುತ್ತದೆ. ಅದಕ್ಕೇ ಶಾಸನತಜ್ಞರು ಪಟಗಳು ತಮ್ಮ ಕೈಗೆ ಬಂದಾಗ ಉಂಗುರ ಕತ್ತರಿಸಿತ್ತೇ ಇಲ್ಲವೇ ಎಂಬುದನ್ನು ತಪ್ಪದೆ ಬರೆದಿಡುತ್ತಾರೆ. ಹೊಯ್ಸಳರ ದಾನಪತ್ರಗಳ ಕೊನೆಗೆ ‘ಮಲಪರೊಳ್ಗಂಡ’ ಎಂಬ ಅಂಕಿತ ಬರುತ್ತದೆ. ವಿಜಯನಗರದ ಅರಸರ ತಾಮ್ರಪಟಗಳ ಪಾಠ ಸಂಸ್ಕೃತದಲ್ಲಿ, ಲಿಪಿ ನಂದಿನಾಗರಿಯಲ್ಲಿ ಇದ್ದರೂ ಕೊನೆಯ ರುಜು ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿರುತ್ತದೆ. ದೊರೆ ಬದಲಾದರೂ ಬಹುಕಾಲ ಆ ರುಜು ಬದಲಾಗಲಿಲ್ಲ.

ಇಷ್ಟೆಲ್ಲ ಕಾವಲಿದ್ದೂ ಕಳ್ಳಪಟಗಳು ಹುಟ್ಟಿದವು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ನಕಲಿಯೆಂದು ತಳ್ಳಿಹಾಕಿದರು, ಬಿ.ಎಲ್. ರೈಸ್ ಅವುಗಳಲ್ಲಿ ಹಲವನ್ನು ನಂಬಿದರು. ಈ ಜಗಳದಿಂದ ನಮ್ಮ ಗಂಗರ ಕಾಲಗಣನೆಯೇ ದಶಕಗಳ ಕಾಲ ಅಲ್ಲಾಡಿತು. ಮುದ್ರೆ ಇದೆ ಎಂದ ಮಾತ್ರಕ್ಕೆ ಒಪ್ಪುವಂತಿಲ್ಲ. ಆ ಮುದ್ರೆ ಒತ್ತಿದ್ದು ಯಾರು, ಯಾವಾಗ, ಯಾವ ಮಾತಿಗೆ ಎಂದು ಕೇಳಲೇಬೇಕು.

ಈ ಪ್ರಶ್ನೆಗಳನ್ನು ಕೌಟಿಲ್ಯ ಆಡಳಿತದ ಲೆಕ್ಕಕ್ಕೆ ತಂದಿದ್ದ. ‘ಅರ್ಥಶಾಸ್ತ್ರ’ದ ಹಸ್ತಪ್ರತಿ 1905ರಲ್ಲಿ ಬೆಳಕಿಗೆ ಬಂದದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ಒಂದು ಮಾಷಕ ಪಡೆದು ರಹದಾರಿ ಮುದ್ರೆ ಕೊಡುವುದು ಅವನ ಕೆಲಸ, ಮುದ್ರೆಯಿಲ್ಲದೆ ಓಡಾಡುವವನಿಗೆ ಹನ್ನೆರಡು ಪಣ ದಂಡ. ಬೇಹುಗಾರರ ಸುದ್ದಿ ಸಂಜ್ಞಾಲಿಪಿಯಲ್ಲಿ ಸಾಗಬೇಕು, ಅವರು ಒಬ್ಬರನ್ನೊಬ್ಬರು ಅರಿಯಬಾರದು, ಮೂರು ಕಡೆಯಿಂದ ಬಂದ ಸುದ್ದಿ ಒಂದಕ್ಕೊಂದು ತಾಳೆಯಾದರೆ ಮಾತ್ರ ನಂಬಬೇಕು. ಗುಟ್ಟು ಬೇರೆ, ಗುರುತು ಬೇರೆ, ಎರಡಕ್ಕೂ ಬೇರೆ ಬೇರೆ ಏರ್ಪಾಡು ಬೇಕು ಎಂಬ ತಿಳಿವಳಿಕೆ ಅಲ್ಲಿದೆ.

ಕಥೆಗಳಲ್ಲಿ ಈ ತಿಳಿವಳಿಕೆ ಇನ್ನೂ ನಿಚ್ಚಳ. ಉಚ್ಚಂಗಿದುರ್ಗ ಈಗ ಸೇರಿರುವ ವಿಜಯನಗರ ಜಿಲ್ಲೆಯ ಹಂಪಿ, ಎದುರು ದಡದ ಆನೆಗೊಂದಿ, ಈ ಸುತ್ತನ್ನೇ ಜನ ಕಿಷ್ಕಿಂಧೆ ಎನ್ನುತ್ತಾರೆ. ರಾಮ ಹನುಮನ ಕೈಗೆ ಉಂಗುರ ಕೊಟ್ಟು ಕಳಿಸಿದ್ದು ಇಲ್ಲಿಂದಲೇ. ಅಶೋಕವನದಲ್ಲಿ ಸೀತೆ ಮೊದಲು ನಂಬುವುದಿಲ್ಲ. ಇವನೂ ಮಾರುವೇಷದ ರಾವಣನಿರಬಹುದು. ರಾಮನ ರೂಪ, ಗುಣ ಹೇಳೆಂದು ಕೇಳುತ್ತಾಳೆ, ಆಮೇಲೆ ಉಂಗುರ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹನುಮ ನಿಜವಾಗಿ ಸೀತೆಯನ್ನೇ ಕಂಡನೆಂದು ರಾಮನಿಗೂ ಖಾತ್ರಿಯಾಗಬೇಕಲ್ಲ? ಅದಕ್ಕೆ ಚೂಡಾಮಣಿ, ಜೊತೆಗೆ ಗಂಡಹೆಂಡಿರಿಬ್ಬರಿಗೇ ಗೊತ್ತಿದ್ದ ಕಾಗೆಯ ಪ್ರಸಂಗ. ಎರಡೂ ಕಡೆಯಿಂದ ಗುರುತು, ವಸ್ತುವಿನ ಜೊತೆಗೆ ಇಬ್ಬರಿಗೇ ತಿಳಿದ ಒಂದು ಗುಟ್ಟು. ಇವತ್ತಿನ ಗೂಢಲಿಪಿ ಶಾಸ್ತ್ರ ಬಯಸುವ ಪರಸ್ಪರ ದೃಢೀಕರಣ ಇದೇ.

ಉಂಗುರವೊಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ವಿಶಾಖದತ್ತನ ‘ಮುದ್ರಾರಾಕ್ಷಸ’ ಇದೆ. ಅದೇ ಕಥೆಯನ್ನು ಹಿಡಿದು ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ ಬರೆದ. ಕನ್ನಡ ಗದ್ಯದ ಚರಿತ್ರೆ ಓದಿದವರಿಗೆ ಹೆಸರು ಗೊತ್ತು. ಅಮಾತ್ಯ ರಾಕ್ಷಸನ ಹೆಂಡತಿಯ ಬೆರಳಿಂದ ಜಾರಿದ ಮುದ್ರೆಯುಂಗುರ ಬೇಹುಗಾರನಿಗೆ ಸಿಕ್ಕಿ ಚಾಣಕ್ಯನ ಕೈ ಸೇರುತ್ತದೆ. ಚಾಣಕ್ಯ ಒಂದು ಓಲೆ ಬರೆಸುತ್ತಾನೆ. ಬರೆಯುವವನು ರಾಕ್ಷಸನ ಆಪ್ತ ಶಕಟದಾಸನೇ, ಏನೆಂದು ಅರಿಯದೆ. ಓಲೆಯಲ್ಲಿ ಯಾರು ಯಾರಿಗೆ ಬರೆದರೆಂಬ ಹೆಸರೇ ಇಲ್ಲ. ಅದು ಬೇಕೆಂದೇ ಮಲಯಕೇತುವಿನ ಕಡೆಯವರಿಗೆ ಸಿಕ್ಕಿಬೀಳುತ್ತದೆ. ಅಕ್ಷರ ನಿಜ, ಮುದ್ರೆ ನಿಜ, ಜೊತೆಗೆ ಸಿಕ್ಕ ಒಡವೆಯೂ ನಿಜ. ಓಲೆ ಮಾತ್ರ ಸುಳ್ಳು. ಒಂದು ರಾಜಕೀಯ ಕೂಟವೇ ಅದರಿಂದ ಒಡೆದುಹೋಗುತ್ತದೆ. ಹೆಸರಿಲ್ಲದ ಆ ಓಲೆಯನ್ನು ನೆನಪಿನಲ್ಲಿಡಿ, ಮತ್ತೆ ಅದರ ಬಳಿಗೆ ಬರುತ್ತೇನೆ.

ಈಗ 1976ಕ್ಕೆ ಬರೋಣ. ಅಲ್ಲಿಯವರೆಗೂ ಗುಟ್ಟಿನ ಮಾತಿಗೆ ಮೊದಲು ಇಬ್ಬರೂ ಒಮ್ಮೆ ಭೇಟಿಯಾಗಿ, ಅಥವಾ ನಂಬಿಕಸ್ಥನ ಕೈಯಲ್ಲಿ, ಕೀಲಿಕೈಯ ಗುಟ್ಟನ್ನು ಹಂಚಿಕೊಂಡಿರಬೇಕಿತ್ತು. ಆ ವರ್ಷ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಒಂದು ಲೇಖನದಲ್ಲಿ ಅದರ ಅಗತ್ಯವಿಲ್ಲವೆಂದು ತೋರಿಸಿದರು. ರಾಲ್ಫ್ ಮರ್ಕಲ್ ಅದೇ ಜಾಡಿನಲ್ಲಿ ಮೊದಲೇ ಯೋಚಿಸಿದ್ದರು. ಬ್ರಿಟನ್ನಿನ ಗುಪ್ತ ಸಂಸ್ಥೆಯಲ್ಲಿ ಜೇಮ್ಸ್ ಎಲಿಸ್, ಕ್ಲಿಫರ್ಡ್ ಕಾಕ್ಸ್, ಮಾಲ್ಕಮ್ ವಿಲಿಯಮ್ಸನ್ ಇನ್ನೂ ಮೊದಲೇ ಇದನ್ನು ಕಂಡುಕೊಂಡಿದ್ದರೆಂಬುದು 1997ರಲ್ಲಿ ಹೊರಬಂತು. ಗುಟ್ಟಿನ ಶಾಸ್ತ್ರದ ಚರಿತ್ರೆಯೂ ಗುಟ್ಟಾಗಿಯೇ ಇತ್ತು.

ಉಪಾಯ ಸರಳ. ಕೈಯಲ್ಲೇ ಲೆಕ್ಕ ಹಾಕಬಹುದು. ದುರ್ಗದ ಮೇಲೊಬ್ಬ, ಹರಪನಹಳ್ಳಿಯಲ್ಲೊಬ್ಬಳು ಇದ್ದಾರೆನ್ನಿ. ಊರಿಗೆಲ್ಲ ಕೇಳುವಂತೆ ಇಬ್ಬರೂ 17 ಮತ್ತು 3 ಎಂಬ ಸಂಖ್ಯೆಗಳನ್ನು ಒಪ್ಪಿಕೊಳ್ಳುತ್ತಾರೆ. ಮೇಲಿನವನು ಮನಸ್ಸಿನಲ್ಲಿ 6 ಇಟ್ಟುಕೊಳ್ಳುತ್ತಾನೆ. 3ನ್ನು ಆರು ಸಲ ತನ್ನಿಂದಲೇ ಗುಣಿಸಿದರೆ 729, ಅದನ್ನು 17ರಿಂದ ಭಾಗಿಸಿದರೆ ಶೇಷ 15. ಆ 15ನ್ನು ಕೂಗಿ ಹೇಳುತ್ತಾನೆ. ಕೆಳಗಿನವಳ ಗುಟ್ಟು 7. ಅದೇ ಲೆಕ್ಕದಲ್ಲಿ 3ರ ಏಳನೇ ಘಾತ 2187, ಶೇಷ 11. ಅವಳು 11ನ್ನು ಕೂಗುತ್ತಾಳೆ. ಈಗ ಅವನು ಅವಳ 11ನ್ನು ತನ್ನ 6ರ ಘಾತಕ್ಕೇರಿಸಿ ಶೇಷ ತೆಗೆಯುತ್ತಾನೆ: 8. ಅವಳು ಅವನ 15ನ್ನು ತನ್ನ 7ರ ಘಾತಕ್ಕೇರಿಸುತ್ತಾಳೆ: ಅವಳಿಗೂ 8. ದಾರಿಯಲ್ಲಿ ಕೇಳಿಸಿಕೊಂಡವರಿಗೆ 17, 3, 15, 11 ಎಲ್ಲ ಗೊತ್ತು, ಆದರೆ 8 ಯಾರೂ ಉಚ್ಚರಿಸದ ಸಂಖ್ಯೆ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ಯಾರಾದರೂ ಪ್ರಯತ್ನಿಸಿ ಕಂಡುಹಿಡಿದಾರು. ನೂರಾರು ಅಂಕಿಗಳ ಸಂಖ್ಯೆಯಾದರೆ ಶೇಷದಿಂದ ಗುಟ್ಟಿಗೆ ಹಿಂದಿರುಗುವ ವೇಗದ ದಾರಿ ಇವತ್ತಿನ ಕಂಪ್ಯೂಟರುಗಳಿಗೆ ತಿಳಿದಿಲ್ಲ.

ತರಗತಿಯಲ್ಲಿ ಇದನ್ನು ಹಲಗೆಯ ಮೇಲೆ ಬರೆದಾಗ ಮಕ್ಕಳ ಮುಖ ಅರಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆಮೇಲೆ ನಾನು ಬೆಟ್ಟಕ್ಕೂ ಹರಪನಹಳ್ಳಿಗೂ ನಡುವೆ ಮೂರನೆಯವನೊಬ್ಬನನ್ನು ಕೂರಿಸುತ್ತೇನೆ. ಅವನ ಗುಟ್ಟು 5. 3ರ ಐದನೇ ಘಾತ 243, ಶೇಷ 5. ಮೇಲಿನವನ 15ನ್ನು ತಡೆದು ಅವಳಿಗೆ ತನ್ನ 5ನ್ನು ಮುಟ್ಟಿಸುತ್ತಾನೆ, ಅವಳ 11ನ್ನು ತಡೆದು ಅವನಿಗೂ 5ನ್ನೇ ಮುಟ್ಟಿಸುತ್ತಾನೆ. ಲೆಕ್ಕ ಮಾಡಿ ನೋಡಿ: ದುರ್ಗದವನ ಜೊತೆ ಅವನಿಗೆ 2 ಎಂಬ ಕೀಲಿಕೈ, ಹರಪನಹಳ್ಳಿಯವಳ ಜೊತೆ 10. ಇವರಿಬ್ಬರೂ ತಾವು ತಾವೇ ಗುಟ್ಟು ಮಾತಾಡುತ್ತಿದ್ದೇವೆಂದು ನಿಶ್ಚಿಂತರಾಗಿದ್ದಾರೆ. ಅವನು ಒಂದು ಕೈಯಲ್ಲಿ ತೆಗೆದು, ಓದಿ, ಬೇಕಾದರೆ ತಿದ್ದಿ, ಇನ್ನೊಂದು ಕೈಯಲ್ಲಿ ಮುಚ್ಚಿ ಕಳಿಸುತ್ತಿದ್ದಾನೆ. ಬೀಗ ಒಡೆದಿಲ್ಲ, ಗಣಿತ ತಪ್ಪಿಲ್ಲ. ಕೈ ಯಾರದೆಂದು ಕೇಳಲಿಲ್ಲ, ಅಷ್ಟೇ.

ಹಾಗಾಗಿ ಉಂಗುರ ಮತ್ತೆ ಬೇಕಾಯಿತು. ಡಿಫಿ, ಪಾಲ್ ವಾನ್ ಊರ್‌ಶಾಟ್, ಮೈಕೆಲ್ ವೀನರ್ 1992ರಲ್ಲಿ ಪ್ರಕಟಿಸಿದ ವಿಧಿಯಲ್ಲಿ ಇಬ್ಬರೂ ತಮ್ಮ ಸಂಖ್ಯೆಗಳಿಗೆ ಡಿಜಿಟಲ್ ರುಜು ಹಾಕುತ್ತಾರೆ. ತನ್ನ ಸಂಖ್ಯೆಗೆ ಮಾತ್ರ ರುಜು ಹಾಕಿದರೆ ಹಳೆಯ ರುಜುವನ್ನು ಎತ್ತಿಟ್ಟುಕೊಂಡವನು ಮತ್ತೆ ಬಳಸಿಯಾನು. ಅದಕ್ಕೇ ನನ್ನದು, ನಿನ್ನದು ಎರಡನ್ನೂ ಒಟ್ಟಿಗೆ ಹೆಣೆದು ರುಜು. ಮುದ್ರೆ ಈ ಹೊತ್ತಿನ ಈ ಮಾತಿಗೇ ಅಂಟಿಕೊಳ್ಳುತ್ತದೆ.

ಇಂಥ ವಿಧಿಗಳು ಎಷ್ಟು ನವಿರಾದ ತಪ್ಪಿಗೆ ಮುರಿಯುತ್ತವೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ರೋಜರ್ ನೀಡಂ ಮತ್ತು ಮೈಕೆಲ್ ಶ್ರೋಡರ್ 1978ರಲ್ಲಿ ಒಂದು ದೃಢೀಕರಣ ವಿಧಿಯನ್ನು ಬರೆದರು. ಅದರ ತಿರುಳು ಮೂರೇ ಸಂದೇಶ. ಹದಿನೇಳು ವರ್ಷ ಎಲ್ಲರೂ ಅದನ್ನು ಓದಿದರು, ಪಾಠ ಹೇಳಿದರು. 1995ರಲ್ಲಿ ಗ್ಯಾವಿನ್ ಲೋ ಅದರಲ್ಲಿ ಬಿರುಕು ತೋರಿಸಿದರು. ಒಬ್ಬಳು ಕಪಟಿಯೊಬ್ಬನ ಜೊತೆ ಮಾತು ಶುರು ಮಾಡಿದರೆ, ಅವನು ಅವಳ ಉತ್ತರಗಳನ್ನೇ ಬಳಸಿ ಮೂರನೆಯವನ ಮುಂದೆ ‘ನಾನೇ ಅವಳು’ ಎಂದು ನಿಲ್ಲಬಹುದಿತ್ತು. ಕಾರಣ, ಎರಡನೆಯ ಸಂದೇಶದಲ್ಲಿ ಕಳಿಸಿದವನ ಹೆಸರಿರಲಿಲ್ಲ. ಆ ಹೆಸರನ್ನು ಸೇರಿಸಿದರೆ ಬಿರುಕು ಮುಚ್ಚುತ್ತದೆ. ಹೆಸರಿಲ್ಲದ ಓಲೆ! ಚಾಣಕ್ಯನ ಹೂಟವನ್ನು ಓದಿದವರಿಗೆ ಇದು ಹೊಸದೇನಲ್ಲ ಎನ್ನಿಸುವುದು ಸಹಜ. ಆದರೆ ನಾಟಕದಲ್ಲಿ ಕಂಡದ್ದನ್ನು ಗಣಿತದಲ್ಲಿ ಕಾಣಲು ಬೇರೆಯದೇ ಕಣ್ಣು ಬೇಕು. ಲೋ ಆ ಬಿರುಕಿಗೆ ಹಾಕಿದ ಹೊಲಿಗೆ ಸಾಕೆಂದು ಪರೀಕ್ಷಿಸಿದ್ದು ಕಂಪ್ಯೂಟರಿನ ನೆರವಿನಿಂದ.

ಮುಂದಿನ ಚಿಂತೆ ಮಿತವ್ಯಯ. ಪ್ರತಿ ರುಜುವೂ ಒಂದು ಭಾರವಾದ ಲೆಕ್ಕ, ಪ್ರತಿ ಸಂದೇಶವೂ ಒಂದು ಕಾಯುವಿಕೆ. ದುರ್ಗದ ಬುಡದಲ್ಲಿ ಸಿಗ್ನಲ್ಲಿನ ಒಂದೇ ಕಡ್ಡಿ ತೋರಿಸುವ ಅಗ್ಗದ ಮೊಬೈಲಿಗೆ ಹೋಗಿಬರುವ ಒಂದೊಂದು ಸುತ್ತೂ ದುಬಾರಿ. 1995ರಿಂದ ಬೆಳೆದ ಎಂಕ್ಯೂವಿ ಎಂಬ ವಿಧಿಯೂ, 2005ರಲ್ಲಿ ಹ್ಯೂಗೋ ಕ್ರಾಝಿಕ್ ಅದಕ್ಕೆ ಕೊಟ್ಟ ಬಿಗಿಯಾದ ರೂಪವೂ ಬೇರೆ ರುಜುವನ್ನೇ ಬಿಟ್ಟುಬಿಟ್ಟವು. ಬಾಳಿನುದ್ದಕ್ಕೂ ಇರುವ ಕೀಲಿಕೈಯನ್ನೂ ಈ ಹೊತ್ತಿಗಷ್ಟೇ ಹುಟ್ಟಿದ ಕೀಲಿಕೈಯನ್ನೂ ಒಂದೇ ಲೆಕ್ಕದಲ್ಲಿ ಬೆರೆಸಿದರೆ, ನಿಜವಾದ ವ್ಯಕ್ತಿಗೆ ಮಾತ್ರ ಸರಿಯಾದ ಉತ್ತರ ಬರುತ್ತದೆ, ಕಳ್ಳನಿಗೆ ಬರುವುದೇ ಇಲ್ಲ. ಅಂತರ್ಜಾಲದ ಸುರಕ್ಷಿತ ಪುಟಗಳು ಬಳಸುವ ಟಿಎಲ್‌ಎಸ್ ವಿಧಿಯ 1.3ನೇ ಆವೃತ್ತಿ 2018ರಲ್ಲಿ ಬಂತು. ಹಿಂದೆ ಎರಡು ಸುತ್ತು ಬೇಕಿದ್ದ ಕೈಕುಲುಕು ಅದರಲ್ಲಿ ಒಂದೇ ಸುತ್ತಿಗೆ ಮುಗಿಯುತ್ತದೆ.

ಅದೇ ಆವೃತ್ತಿ ಇನ್ನೊಂದು ಹಳೆಯ ಪದ್ಧತಿಯನ್ನು ಕೈಬಿಟ್ಟಿತು. ಮೊದಲು ಎಷ್ಟೋ ತಾಣಗಳಲ್ಲಿ ಒಂದೇ ಶಾಶ್ವತ ಕೀಲಿಕೈಯಿಂದ ಎಲ್ಲ ಮಾತುಕತೆಯ ಗುಟ್ಟುಗಳನ್ನೂ ರಕ್ಷಿಸುತ್ತಿದ್ದರು. ಕೇಳುಗಳ್ಳ ವರ್ಷಗಟ್ಟಲೆ ಸಂದೇಶಗಳನ್ನು ಕೂಡಿಟ್ಟು, ಒಂದು ದಿನ ಆ ಕೀಲಿಕೈ ಕದ್ದರೆ, ಎಲ್ಲವೂ ಬಯಲು. ಇದೇ ನಮ್ಮ ಶನಿವಾರದ ತೊಡಕು. ಹೊಸ ವಿಧಿಯಲ್ಲಿ ಶಾಶ್ವತ ಕೀಲಿಕೈ ಗುರುತಿಗೆ ಮಾತ್ರ. ಗುಟ್ಟಿನ ಕೀಲಿಕೈ ಪ್ರತಿ ಮಾತುಕತೆಗೂ ಹೊಸದಾಗಿ ಹುಟ್ಟಿ, ಕೆಲಸ ಮುಗಿದೊಡನೆ ಅಳಿದುಹೋಗುತ್ತದೆ. ಶನಿವಾರ ಕೋಟೆ ಬಿದ್ದರೆ ಅಂದಿನಿಂದ ಶತ್ರು ನಮ್ಮ ವೇಷ ಹಾಕಬಹುದು. ಶುಕ್ರವಾರದ ಓಲೆಯನ್ನು ಮಾತ್ರ ಓದಲಾರ. ಅದರ ಕೀಲಿಕೈ ಲೋಕದಲ್ಲೇ ಇಲ್ಲ. ಕ್ವಾಂಟಂ ಕಂಪ್ಯೂಟರಿನ ಭಯ ಬಂದಾಗ ಇದೇ ಪ್ರಶ್ನೆ ಮರಳಿತು: ಇಂದು ಕೂಡಿಟ್ಟದ್ದನ್ನು ನಾಳೆ ಬಿಡಿಸಿದರೆ? ಅದಕ್ಕೆಂದೇ 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಹೊಸ ಬಗೆಯ ಕೀಲಿಕೈ ವಿಧಿಯೊಂದನ್ನು ಪ್ರಕಟಿಸಿತು.

ಇನ್ನುಳಿದದ್ದು ಎಲ್ಲಕ್ಕಿಂತ ಹಳೆಯ ಪ್ರಶ್ನೆ. ಈ ರುಜು ಇವರದೇ ಎಂದು ಹೇಳುವವರು ಯಾರು? ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದಕ್ಕೆ ಒಬ್ಬ ನಿಯಂತ್ರಕರನ್ನು ನೇಮಿಸಿತು, ಅವರ ಅಡಿಯಲ್ಲಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳು. ಕೌಟಿಲ್ಯನ ಮುದ್ರಾಧ್ಯಕ್ಷ ಹೊಸ ವೇಷದಲ್ಲಿ ಬಂದ. 2014ರ ಜುಲೈನಲ್ಲಿ, ಅದರಡಿ ಬರುವ ರಾಷ್ಟ್ರೀಯ ಮಾಹಿತಿ ಕೇಂದ್ರದ ಹೆಸರಿನಲ್ಲಿ ಗೂಗಲ್‌ನ ತಾಣಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿರುವುದು ಪತ್ತೆಯಾಯಿತು. ಮರುದಿನವೇ ನಿಯಂತ್ರಕರು ಆ ಸಂಸ್ಥೆಯ ಅಧಿಕಾರದ ಪ್ರಮಾಣಪತ್ರಗಳನ್ನು ರದ್ದು ಮಾಡಿದರು. ಮುದ್ರೆಯ ಪೆಟ್ಟಿಗೆ ಇಟ್ಟವರ ಮನೆಯಲ್ಲೇ ಉಂಗುರ ಉರುಳಿತ್ತು.

ನಮ್ಮ ಸೀಮೆಯವರಿಗೆ ಮುದ್ರೆ ಬದಲಾಗುವುದು ಹೊಸ ಅನುಭವವಲ್ಲ. 1800ರಲ್ಲಿ ನಿಜಾಮ ಈ ಭಾಗವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಹೊಲದ ಕಾಗದಕ್ಕೆ ಮದರಾಸಿನ ಮುದ್ರೆ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಮುದ್ರೆಯೂ ಅದಕ್ಕೆ ತಕ್ಕಂತೆ. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬೆಟ್ಟ, ಹೊಲ ಇದ್ದಲ್ಲೇ ಇವೆ. ಇದರ ನಡುವೆ, ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದರಲ್ಲಿ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ತಾನು ತಿದ್ದಲಿಲ್ಲವೆಂದು ಮುಂದೆ ಹೇಳುವಂತಿಲ್ಲ. ಒಂದು ಎಕರೆ ಜೋಳದ ಹೊಲ ಇರುವವನಿಗೆ ದೃಢೀಕರಣವೆಂದರೆ ಇದು: ರಾತ್ರೋರಾತ್ರಿ ತನ್ನ ಹೆಸರು ಅಳಿಯದಿರುವುದು.

ಹಾಗಿದ್ದೂ ಗಣಿತ ಹೋಗಿ ನಿಲ್ಲುವ ಒಂದು ಗಡಿಯಿದೆ. ಈಚೆಗೆ ಊರೂರಲ್ಲಿ ನಡೆಯುತ್ತಿರುವ ‘ಡಿಜಿಟಲ್ ಅರೆಸ್ಟ್’ ಮೋಸವನ್ನು ನೋಡಿ. ವಾಟ್ಸಾಪ್ 2016ರಿಂದ ಎಲ್ಲ ಮಾತನ್ನೂ ತುದಿಯಿಂದ ತುದಿಗೆ ಗುಟ್ಟಾಗಿ ಸಾಗಿಸುತ್ತದೆ. ಕೀಲಿಕೈ ವಿನಿಮಯ ಸರಿಯಾಗಿಯೇ ನಡೆಯುತ್ತದೆ, ನಡುವೆ ಯಾರೂ ಕದ್ದು ಕೇಳುತ್ತಿಲ್ಲ. ಆದರೆ ಆ ತುದಿಯಲ್ಲಿ ಪೊಲೀಸ್ ಸಮವಸ್ತ್ರ ಹಾಕಿಕೊಂಡು ಕುಳಿತವನೇ ಕಳ್ಳ. ನಿವೃತ್ತ ಮೇಷ್ಟ್ರೊಬ್ಬರ ಜೀವಮಾನದ ಉಳಿತಾಯ ಅತ್ಯಂತ ಸುರಕ್ಷಿತವಾದ ದಾರಿಯಲ್ಲೇ ಕಳ್ಳನ ಮನೆ ಸೇರಬಹುದು. ವಿಧಿ ಖಾತ್ರಿಪಡಿಸುವುದು ಈ ಕೀಲಿಕೈ ಈ ನಂಬರಿನದು ಎಂಬುದನ್ನು ಮಾತ್ರ. ಆ ನಂಬರಿನ ಹಿಂದಿರುವ ಮನುಷ್ಯ ಯಾರೆಂದು ಕೇಳುವ ಕೆಲಸ ನಮಗೇ ಉಳಿದಿದೆ.

ಸೀತೆ ಮಾಡಿದ್ದು ಅದನ್ನೇ. ಎದುರಿಗಿದ್ದವನು ರಾಮನ ಹೆಸರು ಹೇಳಿದ, ಕೈಯಲ್ಲಿ ಉಂಗುರವೂ ಇತ್ತು, ಅವಳಿಗೆ ನೆರವು ತುರ್ತಾಗಿಯೇ ಬೇಕಾಗಿತ್ತು. ಆದರೂ ಮೊದಲು ಪ್ರಶ್ನೆ ಕೇಳಿದಳು. ವಾಟ್ಸಾಪಿನಲ್ಲಿ ಪ್ರತಿ ಸ್ನೇಹಿತನ ಹೆಸರಿನ ಹಿಂದೆ 60 ಅಂಕಿಗಳ ಒಂದು ಭದ್ರತಾ ಸಂಖ್ಯೆ ಇರುತ್ತದೆ. ಇಬ್ಬರೂ ಎದುರುಬದುರು ಕುಳಿತು ಅದನ್ನು ತಾಳೆ ನೋಡಿದರೆ ನಡುವೆ ಮೂರನೆಯವನಿಲ್ಲವೆಂದು ಗೊತ್ತಾಗುತ್ತದೆ. ಬಹುತೇಕ ಯಾರೂ ನೋಡುವುದಿಲ್ಲ. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಜಾತ್ರೆಗೆ ಎಲ್ಲೆಲ್ಲಿಂದಲೋ ನೆಂಟರು ಬೆಟ್ಟ ಹತ್ತಿ ಬರುತ್ತಾರೆ, ವರ್ಷವಿಡೀ ಫೋನಿನಲ್ಲೇ ಮಾತಾಡಿದವರು ಅಲ್ಲಿ ಮುಖ ನೋಡುತ್ತಾರೆ. ಆ ಎರಡು ನಿಮಿಷದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನನಗಂತೂ ಹೊಳೆಯುವುದಿಲ್ಲ.